ಕೌದಿಯ ಸೀಮೆಯಲ್ಲಿ

ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುದಾರಿಯಲ್ಲಿ ವಾಡಿಯನ್ನು ದಾಟಿ ರಾಯಚೂರನ್ನು ಸೇರುವುದರೊಳಗೆ ಯಾದಗಿರಿ ನಿಲ್ದಾಣ ಬರುತ್ತದೆ. 1871ರಲ್ಲಿ ಮುಂಬಯಿಯ ಕಡೆಯ ಹಳಿಯೂ ಮದ್ರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲಿ ಒಂದನ್ನೊಂದು ಕೂಡಿದಂದಿನಿಂದ ಈ ಸೀಮೆಗೆ ಎರಡು ಮಹಾಪಟ್ಟಣಗಳ ಬಾಗಿಲು ತೆರೆಯಿತು. ಆ ಬಾಗಿಲಿನಲ್ಲಿ ಒಳಗೆ ಬರುವವರಿಗಿಂತ ಹೊರಗೆ ಹೋಗುವವರೇ ಹೆಚ್ಚು. ಸುಗ್ಗಿ ಮುಗಿದು ಹೊಲದ ಕೆಲಸ ತೀರಿದೊಡನೆ ಹಳ್ಳಿಗಳಿಂದಲೂ ಲಂಬಾಣಿ ತಾಂಡಾಗಳಿಂದಲೂ ಜನರು ಗುಳೆ ಹೊರಡುತ್ತಾರೆ. ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಮನೆ ಕಟ್ಟುವ ಕೆಲಸ. ತಮ್ಮ ಮನೆಗೆ ಬೀಗ. ನಿಲ್ದಾಣದ ಕಟ್ಟೆಯ ಮೇಲೆ ಅವರ ಸಾಮಾನುಗಳನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ತಪ್ಪಲೆ, ಬುಟ್ಟಿ, ಪ್ಲಾಸ್ಟಿಕ್ಕಿನ ಕೊಡ ಇವುಗಳೆಲ್ಲ ಬೇರೆ ಬೇರೆಯಾದರೂ ಗಂಟನ್ನು ಕಟ್ಟಿದ ಬಟ್ಟೆ ಮಾತ್ರ ಬಹುಮಟ್ಟಿಗೆ ಒಂದೇ. ಅದು ಕೌದಿ. ಹಗಲಿನಲ್ಲಿ ಗಂಟಿನ ಹೊದಿಕೆಯಾಗಿ, ರಾತ್ರಿ ಹಾಸಿಗೆಯಾಗಿ, ಕಟ್ಟಡದ ಬಯಲಿನಲ್ಲಿ ಕೂಸಿನ ತೊಟ್ಟಿಲಾಗಿ ಅದು ಆ ಸಂಸಾರದೊಡನೆ ಆರು ತಿಂಗಳು ಇರುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳಲ್ಲಿ ನೋಡತಕ್ಕ ಕೋಟೆಗಳೂ ಗುಡಿಗಳೂ ಉಂಟು. ಅವುಗಳ ವರ್ಣನೆಯನ್ನು ಬಲ್ಲವರು ಬರೆದಿದ್ದಾರೆ. ನಾವು ಹೋದುದು ಮನೆಗಳಲ್ಲಿ ನಡೆಯುವ ಕೈಹೊಲಿಗೆಯನ್ನು ಕಾಣಲೆಂದು. ಆದುದರಿಂದ ಯಾದಗಿರಿಯ ದುರ್ಗವನ್ನು ಹೊತ್ತು ಏರುವ ಮುನ್ನವೇ ಹತ್ತಿ, ಕೆಳಗೆ ಹರಡಿದ ಊರನ್ನೂ ದೂರದ ಭೀಮೆಯ ಗೆರೆಯನ್ನೂ ನೋಡಿ, ಬೇಗನೆ ಇಳಿದುಬಿಟ್ಟೆವು. ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿಯು 2009–10ರಲ್ಲಿ ಕರ್ನಾಟಕದ 30ನೆಯ ಜಿಲ್ಲೆಯಾದ ಮೇಲೆ ಊರಿನಲ್ಲಿ ಕಚೇರಿಗಳು ಹೆಚ್ಚಿವೆ, ಅಂಗಡಿಗಳು ಹೆಚ್ಚಿವೆ. ಓಣಿಗಳು ಮಾತ್ರ ಹಳೆಯವು. ಮಧ್ಯಾಹ್ನದ ಊಟವಾಗಿ, ಗಂಡಸರು ಹೊರಗೆ ಹೋಗಿ, ಬಿಸಿಲು ಬೀದಿಯನ್ನು ಬರಿದುಮಾಡಿದ ಹೊತ್ತಿನಲ್ಲಿ ಆ ಓಣಿಗಳ ಪಡಸಾಲೆಗಳಲ್ಲಿ ಸೂಜಿ ಹೊರಡುತ್ತದೆ.

ಕೌದಿಯೆಂದರೆ ಏನೆಂಬುದನ್ನು ನಮ್ಮ ಓದುಗರಲ್ಲಿ ಬಡಗಣ ಸೀಮೆಯವರಿಗೆ ಹೇಳಬೇಕಾಗಿಲ್ಲ. ತೆಂಕಣವರಿಗಾಗಿ ಎರಡು ಮಾತು. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆ ಧೋತರಗಳನ್ನು ನಾಲ್ಕೈದು ಪದರವಾಗಿ ಒಂದರ ಮೇಲೊಂದು ಹಾಸಿ, ಹರಿದೆಡೆಗೆ ತೇಪೆಯಿಟ್ಟು, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಎಲ್ಲ ಪದರಗಳನ್ನೂ ಒಟ್ಟಿಗೆ ಹಿಡಿಯುವಂತೆ ಸಾಲು ಸಾಲಾಗಿ ಹೊಲಿದ ಹೊದಿಕೆಯೇ ಕೌದಿ. ಮರಾಠಿಯವರು ಇದನ್ನು ಗೋಧಡಿ ಎನ್ನುತ್ತಾರೆ. ಪೂರ್ವದ ತೆಲುಗರಲ್ಲಿ ಬೊಂತ. ಬೊಂತೆ ಎಂಬುದು ನಮ್ಮ ಹಳೆಯ ಕನ್ನಡದ ಮಾತೂ ಹೌದು. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರಿನಲ್ಲಿ ಅದು ಇಂದಿಗೂ ಉಳಿದುಕೊಂಡಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರೂ ಇಂಥದೇ ಹೊದಿಕೆಯನ್ನು ಹೊಲಿಯುತ್ತಾರೆ. ಅದರ ಮೂಲೆಗಳಲ್ಲಿ ‘ಫುಲ’ ಎಂಬ ಮುಕ್ಕೋನೆಯ ಸಣ್ಣ ತುಂಡುಗಳಿಲ್ಲದಿದ್ದರೆ ಹೊದಿಕೆ ಬತ್ತಲೆಯೆಂದು ಅವರ ಭಾವನೆ. ಅಂತೂ ಬಡತನವಿದ್ದಲ್ಲಿ, ನೂಲಿನ ಬಟ್ಟೆಯಿದ್ದಲ್ಲಿ, ಹೆಂಗಸರ ಕೈಗೆ ಒಂದು ಗಳಿಗೆ ಬಿಡುವಿದ್ದಲ್ಲಿ ಈ ಕಸುಬು ಯಾರೂ ಕಲಿಸದೆಯೇ ಹುಟ್ಟಿದೆ.

ಯಾದಗಿರಿಯ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನೆಲದ ಮೇಲೆ ಕಾಲು ನೀಡಿ ಕೌದಿ ಹೊಲಿಯುತ್ತಿದ್ದರು. ನಾವು ಮೊದಲು ಕೇಳಿದ್ದು, ಹೊಸ ಬಟ್ಟೆಯಿಂದ ಏಕೆ ಹೊಲಿಯಬಾರದೆಂದು. ಆಕೆ ನಕ್ಕು, “ಹೊಸಾದು ತೊಳದ್ರ ಕುಗ್ಗತೈತಿ, ಹಳೇದು ಕುಗ್ಗೂದೆಲ್ಲಾ ಕುಗ್ಗಿ ಮುಗಿಸೇತಿ” ಎಂದರು. ಈ ಒಂದು ಮಾತಿನಲ್ಲಿ ಕೌದಿಯ ಶಾಸ್ತ್ರವೆಲ್ಲ ಅಡಗಿದೆಯೆಂದು ನಮಗೆ ತೋರಿತು. ನೂರು ಸಾರಿ ಕಲ್ಲಿಗೆ ಬಿದ್ದ ಸೀರೆಯಲ್ಲಿ ಇನ್ನು ಎಳೆದುಕೊಳ್ಳುವ ಗುಣವಿಲ್ಲ. ಅದರ ಪಕ್ಕದ ಪದರದೊಡನೆ ಅದಕ್ಕೆ ಜಗಳವಿಲ್ಲ. ಹೊಸ ಬಟ್ಟೆಯನ್ನು ಹಳೆಯದರೊಡನೆ ಸೇರಿಸಿದರೆ ಮೊದಲ ಒಗೆತಕ್ಕೇ ಹೊಸದು ಕುಗ್ಗಿ, ಹಳೆಯದು ನೆರಿಗೆಗಟ್ಟಿ, ದಾರ ಹರಿಯುತ್ತದೆ.

ದಾರದ ವಿಷಯದಲ್ಲಿ ಆಕೆಯ ಜಾಗರೂಕತೆ ಇನ್ನೂ ಹೆಚ್ಚಿನದು. ಅಂಚಿನಿಂದ ಹೊರಟು ಒಳಕ್ಕೆ ಸುತ್ತುತ್ತ ಹೋಗುವವರುಂಟು, ಉದ್ದಕ್ಕೆ ಗೆರೆ ಹೊಡೆದಂತೆ ಸಾಲು ಹಾಕುವವರುಂಟು. ಹೇಗೆ ಹೋದರೂ ಮೇಲೆ ಕೆಳಗೆ ಮುಳುಗಿ ಏಳುವ ಸಾದಾ ಓಟದ ಹೊಲಿಗೆಯೇ. ಆದರೆ ಪ್ರತಿ ಸಾಲಿನ ಕೊನೆಯಲ್ಲಿ ಆಕೆ ದಾರವನ್ನು ಬಿಗಿಯುವುದಿಲ್ಲ. ಬಟ್ಟೆಯನ್ನು ಅಂಗೈಯಿಂದ ಒಮ್ಮೆ ನೀವಿ, ದಾರಕ್ಕೆ ಎಷ್ಟು ಬೇಕೋ ಅಷ್ಟನ್ನು ಅದೇ ತೆಗೆದುಕೊಳ್ಳುವಂತೆ ಬಿಡುತ್ತಾರೆ. ಬಿಗಿದ ದಾರ ಬಟ್ಟೆಯನ್ನು ಕೊಯ್ಯುತ್ತದೆ. ನೆನೆದ ಕೌದಿಯ ಭಾರವೆಷ್ಟೆಂಬುದನ್ನು ಹಳ್ಳದಲ್ಲಿ ಅದನ್ನು ಹಿಂಡಿದವರೇ ಬಲ್ಲರು. ಎರಡು ಕಡೆ ಇಬ್ಬರು ನಿಂತು ತಿರುಚುವಾಗ ಆ ಸಡಿಲು ಇಲ್ಲದಿದ್ದರೆ ಸಾಲು ಸಾಲೇ ಕಿತ್ತುಹೋಗುವುದು. ಹೊಲಿಗೆಯ ಯಂತ್ರಕ್ಕೆ ಈ ಸಡಿಲು ತಿಳಿಯದು. ಅದರ ಎರಡು ದಾರಗಳು ಒಂದನ್ನೊಂದು ಕೊಂಡಿಯಂತೆ ಹಿಡಿದುಕೊಂಡು ಬಿಡುವೇ ಇಲ್ಲವಾಗುತ್ತದೆ. ಯಂತ್ರದಲ್ಲಿ ಹೊಲಿದ ಕೌದಿಯನ್ನೂ ಅಲ್ಲಿ ತೋರಿಸಿದರು. ನೋಡಲು ಅಚ್ಚುಕಟ್ಟು, ಮುಟ್ಟಿದರೆ ರಟ್ಟು.

ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಹೋಳಿಗೆಯ ಚೂರೊಂದನ್ನು ಇಟ್ಟು ಹೊಲಿಯುವ ವಾಡಿಕೆಯನ್ನು ಆ ಅಜ್ಜಿ ಹೇಳಿದರು. ಕೌದಿ ಹಸಿದಿರಬಾರದಂತೆ. ಹಸಿದ ಕೌದಿಯನ್ನು ಹೊದ್ದವರ ಮನೆಯಲ್ಲಿ ಕಾಳು ನಿಲ್ಲದಂತೆ. ಮಹಾರಾಷ್ಟ್ರದ ಗೋಧಡಿಗೂ ಹೀಗೆಯೇ ಮೂಲೆಯಲ್ಲಿ ತುತ್ತಿಡುವರೆಂದು ನಾವು ಓದಿದ್ದೆವು. ಇಲ್ಲಿ ಕಿವಿಯಾರೆ ಕೇಳಿದ್ದಾಯಿತು. ಇರುವೆಗಳ ಗತಿಯೇನೆಂದು ನಮ್ಮಲ್ಲೊಬ್ಬರು ಕೇಳಲು ಹೊರಟವರು ಅಜ್ಜಿಯ ಮುಖ ನೋಡಿ ಸುಮ್ಮನಾದರು.

ಯಾದಗಿರಿಯಿಂದ ಶಹಾಪುರಕ್ಕೆ ಸುಮಾರು 35 ಕಿಲೋಮೀಟರು. ಭೀಮೆಯ ಸೇತುವೆಯನ್ನು ದಾಟಿದರೆ ಎರೆಯ ಭೂಮಿ ಎರಡೂ ಕಡೆ ಹಾಸಿಕೊಳ್ಳುತ್ತದೆ. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಆಗಿ ಎಡದಂಡೆಯ ಕಾಲುವೆ ಹರಿದ ಮೇಲೆ ಈ ಸೀಮೆಯ ರೂಪವೇ ಬದಲಾಯಿತು. ನೀರು ಸಿಕ್ಕಲ್ಲಿ ಬತ್ತ. ಉಳಿದೆಡೆ ತೊಗರಿ ಮತ್ತು ಹತ್ತಿ. ಶಹಾಪುರದ ಬೆಟ್ಟಸಾಲು ದೂರದಿಂದ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಹಣೆ, ಮೂಗು, ಗಲ್ಲ ಎಲ್ಲವೂ ಸ್ಪಷ್ಟ. ಜನರು ಅದನ್ನು ಮಲಗಿದ ಬುದ್ಧನೆಂದು ಕರೆಯುತ್ತಾರೆ. ಬೆಳಗಿನಲ್ಲಿ ಮಂಜು ಕವಿದಿದ್ದರೆ ಆತನೂ ಕೌದಿ ಹೊದ್ದಂತೆಯೇ ತೋರುವನು.

ಚಳಿಗಾಲದಲ್ಲಿ ಈ ದಾರಿಯಲ್ಲಿ ಹೋಗುವವರಿಗೆ ಹತ್ತಿ ತುಂಬಿದ ಬಂಡಿಗಳೂ ಟ್ರಾಕ್ಟರುಗಳೂ ಸಾಲಾಗಿ ಎದುರಾಗುತ್ತವೆ. ರಸ್ತೆಯ ಅಂಚಿನ ಜಾಲಿಗಿಡಗಳ ಮುಳ್ಳಿಗೆಲ್ಲ ಬಿಳಿಯ ಎಳೆ ಸಿಕ್ಕಿಕೊಂಡಿರುತ್ತದೆ. ಹತ್ತಿಯನ್ನು ಹಿಂಜಿ, ಬೀಜ ಬೇರೆ ಮಾಡಿ, ಅಂಡಿಗೆ ಕಟ್ಟಿ ಹೊರಗೆ ಕಳುಹಿಸುವ ಗಿರಣಿಗಳು ಈ ಜಿಲ್ಲೆಯಲ್ಲಿವೆ. ಅದು ಎಲ್ಲಿಗೋ ಹೋಗಿ ನೂಲಾಗುತ್ತದೆ, ಎಲ್ಲಿಯೋ ಬಟ್ಟೆಯಾಗುತ್ತದೆ. ಶಹಾಪುರದ ಪೇಟೆಯಲ್ಲಿ ಜವಳಿ ಅಂಗಡಿಗಳನ್ನು ಒಂದೊಂದಾಗಿ ನೋಡಿದೆವು. ನಿತ್ಯ ಉಡುವ ಸೀರೆಗಳ ರಾಶಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸುರತದಿಂದ ಬಂದ ಪಾಲಿಯೆಸ್ಟರು. ಅಗ್ಗ, ಹಗುರ, ಬೇಗ ಒಣಗುವುದು, ಬಣ್ಣ ಬಿಡದು. ಹೊಲದಲ್ಲಿ ದುಡಿಯುವ ಹೆಂಗಸು ಅದನ್ನು ಕೊಂಡರೆ ಆಕೆಯನ್ನು ಆಕ್ಷೇಪಿಸುವ ಹಕ್ಕು ಯಾರಿಗಿದೆ? ಹತ್ತಿ ಬಿಡಿಸುವ ಕೈ ಹತ್ತಿಯನ್ನು ಉಡುವುದಿಲ್ಲವೆಂಬುದು ಮಾತ್ರ ಕಣ್ಣಿಗೆ ಕಂಡ ಸಂಗತಿ.

ಕೌದಿಯ ಮೇಲೆ ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಇಂದು ಉಟ್ಟ ಸೀರೆಯೇ ಹತ್ತು ವರ್ಷದ ಮೇಲಿನ ಕೌದಿ. ಪಾಲಿಯೆಸ್ಟರಿನ ಸೀರೆ ಹಳೆಯದಾದರೂ ಮೆತ್ತಗಾಗುವುದಿಲ್ಲ; ಬೆವರನ್ನು ಹೀರುವುದಿಲ್ಲ; ಪದರದ ಮೇಲೆ ಪದರ ಜಾರುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಈ ನಾಡಿನಲ್ಲಿ ಅಂಥದರ ಮೇಲೆ ಮಲಗುವುದೆಂದರೆ ಶಿಕ್ಷೆ. ಇದನ್ನು ಬಲ್ಲ ಹೆಂಗಸರು ನಡುವಿನ ಪದರಗಳಿಗೆ ಪಾಲಿಯೆಸ್ಟರನ್ನು ಹಾಕಿ, ಮೈ ಮುಟ್ಟುವ ಎರಡು ಹೊರಪದರಗಳಿಗಾದರೂ ನೂಲಿನ ಸೀರೆಯನ್ನು ಉಳಿಸಿಕೊಳ್ಳುತ್ತಾರೆ. ಅಷ್ಟಕ್ಕೂ ಈಗ ಕೊರತೆ. ಅಜ್ಜಿಯರ ಪೆಟ್ಟಿಗೆಯಲ್ಲಿ ಇಳಕಲ್ಲ ಸೀರೆಗಳು ಇರುವತನಕ ಕೌದಿ ಇದೆ. ಸೊಸೆಯರ ಪೆಟ್ಟಿಗೆಯಲ್ಲಿ ಅವು ಇಲ್ಲ. ಬೇಡಿಕೆ ತಪ್ಪಿ ಸಾಯುವ ಕಸುಬುಗಳ ಮಾತನ್ನು ನಾವು ಎಷ್ಟೋ ಕೇಳಿದ್ದೇವೆ. ಇದು ಹಾಗಲ್ಲ, ಕೇಳುವವರು ಪಟ್ಟಣಗಳಲ್ಲಿ ಹೆಚ್ಚುತ್ತಿರುವಾಗ, ಹೊಲಿಯುವ ಕೈ ಇನ್ನೂ ಜೀವಂತವಿರುವಾಗ, ಹಳೆಯ ಬಟ್ಟೆಯೇ ಇಲ್ಲದಾಗುತ್ತಿದೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ಬಡಗಣ ಕರ್ನಾಟಕದಲ್ಲಿ ಪರರ ಮನೆಗೆ ಕೌದಿ ಹೊಲಿದುಕೊಟ್ಟು ಜೀವಿಸುವ ಹೆಂಗಸರು ಹಿಂದಿನಿಂದಲೂ ಇದ್ದಾರೆ. ಗೊಂದಲಿಗರ ಮನೆಯವರಲ್ಲಿ ಇದು ವೃತ್ತಿಯೇ ಆಗಿತ್ತು. ಬಟ್ಟೆ ಯಜಮಾನರದು, ಸೂಜಿ ಇವರದು. ಕೂಲಿ ಕೌದಿಗೆ ಇಷ್ಟೆಂದೇ ಹೊರತು ದಿನಕ್ಕೆ ಇಷ್ಟೆಂದಲ್ಲ. ಒಂದು ದೊಡ್ಡ ಕೌದಿಗೆ ಹಿಡಿಯುವ ದಿನಗಳನ್ನು ಎಣಿಸಿ ಭಾಗಿಸಿದರೆ, ಹೊಲದ ಕಳೆಯನ್ನು ಕೀಳುವುದೇ ಮೇಲೆಂದು ಶಹಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಇಬ್ಬರು ಹೆಂಗಸರು ನಮಗೆ ಬೆರಳು ಮಡಿಚಿ ಲೆಕ್ಕ ತೋರಿಸಿದರು. ಕಲೆಯನ್ನು ಹೊಗಳುವವರು ಈ ಲೆಕ್ಕವನ್ನು ಕೇಳಿಕೊಳ್ಳುವುದು ಒಳ್ಳೆಯದು.

ಸುರಪುರಕ್ಕೆ ನಾವು ಮುಟ್ಟಿದಾಗ ಸಂಜೆಯಾಗಿತ್ತು. ಬೆಟ್ಟಗಳ ಬಟ್ಟಲಿನಲ್ಲಿ ಕುಳಿತ ಊರು ಇದು. ಬಂಡೆಗಳ ನಡುವೆ ಮನೆ, ಮನೆಗಳ ನಡುವೆ ಬಂಡೆ. ಔರಂಗಜೇಬನ ಕೊನೆಯ ಮುತ್ತಿಗೆಯನ್ನು 1705ರಲ್ಲಿ ಹತ್ತಿರದ ವಾಗಿನಗೇರಿಯಲ್ಲಿ ಎದುರಿಸಿದ ಬೇಡ ನಾಯಕರ ಸಂಸ್ಥಾನ. 1842ರ ಹೊತ್ತಿಗೆ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ ಇಲ್ಲಿಗೆ ಬಂದು, ಬಾಲಕನಾಗಿದ್ದ ರಾಜಾ ವೆಂಕಟಪ್ಪನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಗೆ ಟೇಲರ್ ಮಂಜಿಲ್ ಎಂದು ಹೆಸರು. ಆ ರಾಜನು 1858ರಲ್ಲಿ ಇಂಗ್ಲಿಷರ ಮೇಲೆ ಎದ್ದು, ಸೆರೆಸಿಕ್ಕಿ, ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡುದನ್ನೂ, 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾದುದನ್ನೂ ಇತಿಹಾಸ ಬಲ್ಲವರು ಅರಿತಿದ್ದಾರೆ. ನಮಗೆ ಆ ಬಂಗಲೆಯ ಮುಂದೆ ನಿಂತಾಗ ಬಂದ ಯೋಚನೆ ಅಷ್ಟು ಘನವಾದುದಲ್ಲ. ಆ ಕಾಲದ ಐರೋಪ್ಯರ ಉಡುಪಿನಲ್ಲಿ ಕೊರಳಿಗೆ ಸುತ್ತುವ ವಸ್ತ್ರ ಇದ್ದೇ ಇರುತ್ತಿತ್ತು. ತಲೆಗೆ ರುಮಾಲು ಸುತ್ತುವವರ ಊರಿಗೆ ಕೊರಳಿಗೆ ಸುತ್ತುವವನು ಬಂದಾಗ ಇಲ್ಲಿಯ ಜನರು ಏನೆಂದುಕೊಂಡಿರಬಹುದು?

ಆ ಕೊರಳವಸ್ತ್ರದ ಮೂಲವೂ ಐರೋಪ್ಯ ದೊರೆಗಳದಲ್ಲ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪರವಾಗಿ ಕಾದಲು ಬಂದ ಕ್ರೊವೇಷಿಯಾದ ಸಿಪಾಯಿಗಳು ಕೊರಳಿಗೆ ಕಟ್ಟಿಕೊಂಡಿದ್ದ ಸಾದಾ ಬಟ್ಟೆಯನ್ನು ಕಂಡು ಫ್ರೆಂಚರು ಮೆಚ್ಚಿ, ಆ ಜನರ ಹೆಸರಿನಿಂದಲೇ ಅದನ್ನು ‘ಕ್ರವಾಟ್’ ಎಂದರು. ಅದು ಕಿರಿದಾಗುತ್ತ ನೆಕ್‌ಟೈ ಆಯಿತು. ಈಗ ಸುರಪುರದ ಬೀದಿಯಲ್ಲಿ ಬೆಳಗಿನ ಒಂಬತ್ತು ಗಂಟೆಗೆ ನಿಂತರೆ ಶಾಲೆಗೆ ಹೋಗುವ ಹುಡುಗರ ಕೊರಳಲ್ಲಿ ಎಲಾಸ್ಟಿಕ್ಕಿನ ಟೈ ಕಾಣುತ್ತದೆ. ಮದುವೆಯ ಮರುದಿನದ ಆರತಕ್ಷತೆಯಲ್ಲಿ ಮದುಮಗನಿಗೂ ಅದು ಬೇಕು. ಅಕ್ಷತೆಯ ಹೊತ್ತಿಗೆ ಇದ್ದ ರುಮಾಲು ಸಂಜೆಗೆ ಇಳಿದು ಕೊರಳಿಗೆ ಬಂದಿರುತ್ತದೆ.

ನಾವು ಇಳಿದುಕೊಂಡಿದ್ದ ಮನೆಯಲ್ಲಿ ಅಂಥ ಮದುವೆಯೊಂದರ ಸಿದ್ಧತೆ ನಡೆದಿತ್ತು. ಮದುಮಗನ ಅಕ್ಕ ತನ್ನ ಅಜ್ಜಿಯ ಹರಿದ ಇಳಕಲ್ಲ ಸೀರೆಯ ರೇಶಿಮೆ ಸೆರಗಿನಿಂದ ತಮ್ಮನಿಗೆ ಟೈ ಹೊಲಿಯುತ್ತಿದ್ದಳು. ಮಗ್ಗದ ಮೇಲೆಯೇ ನೂಲಿನ ಒಡಲಿಗೆ ರೇಶಿಮೆಯ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದು ಇಳಕಲ್ಲಿನವರ ವಿಶೇಷ. ಅದರಿಂದ ಒಡಲು ಸವೆದುಹೋದ ಮೇಲೂ ಸೆರಗು ಗಟ್ಟಿಯಾಗಿ ಉಳಿದಿರುತ್ತದೆ. ಕೆಂಪು ನೆಲದ ಮೇಲೆ ಬಿಳಿಯ ತೋಪುತೆನೆಯ ಆ ಸೆರಗು ಟೈಗೆ ಹೇಳಿ ಮಾಡಿಸಿದಂತಿತ್ತು. ಕೆಲಸದ ಕ್ರಮವನ್ನು ಗೃಹಿಣಿಯರಿಗೆ ಉಪಯೋಗವಾಗಬಹುದೆಂದು ಬರೆಯುತ್ತೇವೆ.

ಬಟ್ಟೆಯನ್ನು ಉದ್ದಕ್ಕೂ ಕತ್ತರಿಸಬಾರದು, ಅಡ್ಡಕ್ಕೂ ಕತ್ತರಿಸಬಾರದು. ಹಾಸಿಗೂ ಹೊಕ್ಕಿಗೂ 45 ಡಿಗ್ರಿಯ ಓರೆಯಲ್ಲಿ ಕತ್ತರಿಸಬೇಕು. ಓರೆಯ ಬಟ್ಟೆಗೆ ಮಾತ್ರ ಎಳೆದರೆ ಹಿಗ್ಗಿ ಬಿಟ್ಟರೆ ಹಿಂದಿರುಗುವ ಗುಣವಿದೆ. ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬ ದರ್ಜಿಯು 1920ರ ದಶಕದಲ್ಲಿ ಹೀಗೆ ಓರೆಯಾಗಿ ಕತ್ತರಿಸಿ ಮೂರು ತುಂಡುಗಳಲ್ಲಿ ಟೈ ಹೊಲಿಯುವ ಕ್ರಮಕ್ಕೆ ಹಕ್ಕು ಪಡೆದ ಮೇಲೆ ಅದೇ ಲೋಕದ ವಾಡಿಕೆಯಾಯಿತು. ಅಗಲವಾದ ಮುಂದಿನ ತುಂಡು, ಕೊರಳ ಹಿಂದಿನ ನಡುತುಂಡು, ಕಿರಿದಾದ ಬಾಲ, ಇವುಗಳನ್ನು ಓರೆಯಲ್ಲಿಯೇ ಕೂಡಿಸಬೇಕು. ಮುಗಿದ ಟೈ ಸುಮಾರು 58 ಅಂಗುಲ ಉದ್ದ, ಮುಂದಿನ ತುದಿ ಮೂರು, ಮೂರೂವರೆ ಅಂಗುಲ ಅಗಲ. ಒಳಗೆ ಉಣ್ಣೆಯ ಅಥವಾ ದಪ್ಪ ನೂಲಿನ ಒಳಪಟ್ಟಿ; ಅದೂ ಓರೆಯಲ್ಲಿಯೇ ಕತ್ತರಿಸಿದ್ದಾಗಿರಬೇಕು, ಇಲ್ಲದಿದ್ದರೆ ಒಳಗೂ ಹೊರಗೂ ಒಮ್ಮತವಿಲ್ಲದೆ ಟೈ ತಿರುಚಿಕೊಳ್ಳುತ್ತದೆ. ಎರಡು ತುದಿಗಳಿಗೂ ತೆಳುಬಟ್ಟೆಯ ಅಸ್ತರು. ಆಮೇಲೆ ಎರಡು ಪಕ್ಕಗಳನ್ನೂ ಬೆನ್ನಿನ ಮೇಲೆ ಮಡಿಚಿ, ಉದ್ದಕ್ಕೂ ಒಂದೇ ದಾರದಿಂದ ಹೊರಗೆ ಕಾಣದ ಹೊಲಿಗೆ. ಇಸ್ತ್ರಿಯನ್ನು ಅಂಚಿನ ಮೇಲೆ ಒತ್ತಬಾರದು. ಮಡಿಕೆ ದುಂಡಗೇ ಇರಬೇಕು.

ಆ ಕೊನೆಯ ಬೆನ್ನಿನ ಹೊಲಿಗೆಯೇ ಟೈಯ ಪ್ರಾಣ. ಗಂಟು ಬಿಗಿಯುವಾಗ ಟೈ ಉದ್ದವಾಗಿ, ಬಿಚ್ಚಿದ ಮೇಲೆ ಮತ್ತೆ ಮೊದಲಿನಂತಾಗಬೇಕಾದರೆ ದಾರ ಅದರೊಡನೆ ಸರಿಯಬೇಕು. ಆದುದರಿಂದ ದಾರವನ್ನು ಸಡಿಲು ಬಿಟ್ಟು, ಕೊನೆಯಲ್ಲಿ ಒಂದು ಪುಟ್ಟ ಕುಣಿಕೆಯಷ್ಟನ್ನು ಒಳಗೆ ಉಳಿಸುವುದು ಒಳ್ಳೆಯ ಕೆಲಸದವರ ಪದ್ಧತಿ. ಯಂತ್ರದಲ್ಲಿ ಬಿಗಿದು ಹೊಲಿದ ಅಗ್ಗದ ಟೈಗಳು ನಾಲ್ಕು ದಿನಕ್ಕೆ ಹಗ್ಗವಾಗುವುದಕ್ಕೆ ಇದೇ ಕಾರಣ. ಈ ಹುಡುಗಿ ಟೈ ಹೊಲಿಯುವುದನ್ನು ಮೊಬೈಲಿನಲ್ಲಿ ನೋಡಿ ಕಲಿತಿದ್ದಳು. ಆದರೆ ಬೆನ್ನಿನ ಹೊಲಿಗೆಗೆ ಬಂದಾಗ ಅವಳ ಕೈ ತಡೆಯಿತು. ದಾರ ಒಮ್ಮೆ ಬಿಗಿಯಾಯಿತು, ಒಮ್ಮೆ ಜೋಲಿತು. ಮೂಲೆಯಲ್ಲಿ ಕುಳಿತಿದ್ದ ಅವಳ ದೊಡ್ಡಮ್ಮ, ಜನ್ಮದಲ್ಲಿ ಟೈ ಮುಟ್ಟದವರು, ಅದನ್ನು ತೆಗೆದುಕೊಂಡು ಅಂಗೈಯಿಂದ ಒಮ್ಮೆ ನೀವಿ, ಸರಸರನೆ ಉದ್ದಕ್ಕೆ ಹೊಲಿದು ಕೊಟ್ಟರು. “ಕೌದಿ ಹೊಲದಂಗ ಹೊಲದ್ರಾತು, ಇದರಾಗೇನೈತಿ” ಎಂಬುದಷ್ಟೇ ಅವರ ಅಭಿಪ್ರಾಯ. ಎರಡೂ ತುದಿ ಹಿಡಿದು ಜಗ್ಗಿ ನೋಡಿದೆವು. ಹಿಗ್ಗಿತು, ಬಿಟ್ಟೊಡನೆ ಹಿಂದಿರುಗಿತು.

ಕೈಯಿಂದ ಹೊಲಿದ ರೇಶಿಮೆಯ ಟೈಗೆ ದೊಡ್ಡ ಪಟ್ಟಣಗಳಲ್ಲಿ ಒಳ್ಳೆಯ ಬೆಲೆಯುಂಟು. ಒಂದು ಟೈಗೆ ಬೇಕಾದುದು ಒಂದು ಸೆರಗಿನ ಭಾಗ ಮಾತ್ರ. ಕೌದಿಗೆ ಬೇಕಾದಂತೆ ಐದಾರು ಸೀರೆಗಳಲ್ಲ. ಕೆಲಸ ಗಂಟೆಗಳದು, ವಾರಗಳದಲ್ಲ. ಹೊಲಿಗೆಯ ಗುಟ್ಟು ಈ ಸೀಮೆಯ ಹೆಂಗಸರ ಕೈಯಲ್ಲಿ ಆಗಲೇ ಇದೆ. ಸಂಡೂರಿನ ಲಂಬಾಣಿ ಕಸೂತಿ ಒಂದು ಸಂಸ್ಥೆಯ ಆಶ್ರಯ ಸಿಕ್ಕಿದ ಮೇಲೆ ದೇಶದಾಚೆಗೂ ಹೆಸರಾಯಿತು, ಭೌಗೋಳಿಕ ಗುರುತನ್ನೂ ಪಡೆಯಿತು. ಯಾದಗಿರಿಯ ತಾಂಡಾಗಳಲ್ಲಿಯೂ ಅದೇ ಸೂಜಿಯಿದೆ, ಆಶ್ರಯವಿಲ್ಲ. ಸ್ತ್ರೀಶಕ್ತಿ ಸಂಘಗಳಲ್ಲಿ ಹೆಣ್ಣುಮಕ್ಕಳಿಗೆ ಯಂತ್ರದ ಹೊಲಿಗೆಯನ್ನು ಕಲಿಸಲು ಕೈಕೊಳ್ಳುವಷ್ಟೇ ಶ್ರದ್ಧೆಯಿಂದ ಅವರ ಅಜ್ಜಿಯರ ಕೈಹೊಲಿಗೆಯನ್ನು ಲೆಕ್ಕಕ್ಕೆ ಹಿಡಿದರೆ ನಷ್ಟವಾಗಲಾರದೆಂದು ನಮ್ಮ ಅಭಿಪ್ರಾಯ. ಇದನ್ನು ಆ ದೊಡ್ಡಮ್ಮನಿಗೆ ಹೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: ಕೂಲಿ ಟೈಗೆ ಇಷ್ಟೋ, ದಿನಕ್ಕೆ ಇಷ್ಟೋ?

ಹೊರಡುವ ದಿನ ನಮಗಾಗಿ ಒಂದು ಕೌದಿಯನ್ನು ಹೊಲಿದುಕೊಡಲು ಅವರನ್ನೇ ಒಪ್ಪಿಸಿ, ದಿನದ ಲೆಕ್ಕದಲ್ಲಿ ಕೂಲಿ ಗೊತ್ತುಮಾಡಿದೆವು. ಅಳತೆ ಆರು ಮೊಳ, ನಾಲ್ಕು ಮೊಳ, ಪದರ ಐದು, ಪಾಲಿಯೆಸ್ಟರು ಕೂಡದೆಂದು ನಮ್ಮ ಷರತ್ತು. ನಮ್ಮ ಮನೆಯಿಂದ ಮೂರು ನೂಲಿನ ಸೀರೆ ಕಳುಹಿಸಿಯಾಗಿದೆ. ನಾಲ್ಕನೆಯದನ್ನು ಅವರು ತಮ್ಮ ತಂಗಿಯ ಕಡೆಯಿಂದ ತರಿಸಿದ್ದಾರೆ. ಐದನೆಯದು ಇನ್ನೂ ಸಿಕ್ಕಿಲ್ಲವಂತೆ; ಹುಡುಕುತ್ತಿದ್ದಾರೆ.